ಮರುಮದುವೆಯ ಬೆಲೆ

ಇಂಗ್ಲಿಷಿನ ಪ್ರಣಯ ಕಾದಂಬರಿಗಳಲ್ಲಿ ‘ರೀಜೆನ್ಸಿ’ ಎಂದು ಕರೆಯಿಸಿಕೊಳ್ಳುವ ಒಂದು ಪಂಗಡವುಂಟು. ನಮ್ಮ ಪಟ್ಟಣಗಳ ಬಾಡಿಗೆ ಪುಸ್ತಕದಂಗಡಿಗಳಿಂದ ತಂದು, ಕೈಯಿಂದ ಕೈಗೆ ದಾಟಿಸಿ, ಇವನ್ನು ಓದಿದವರು ಬಹಳ ಮಂದಿ. ನಾನೂ ಓದಿದ್ದೇನೆ, ಓದಿದ್ದಕ್ಕೆ ನಾಚಿಕೊಳ್ಳಬೇಕಾದ ಕಾರಣ ನನಗೆ ಕಾಣುವುದಿಲ್ಲ. ಸಾರೋಟು, ಮೇಣದ ಬತ್ತಿಯ ಬೆಳಕಿನಲ್ಲಿ ನಡೆಯುವ ನೃತ್ಯಕೂಟ, ನಾಲಗೆ ಚುರುಕಾದ ನಾಯಕಿ, ಹುಬ್ಬು ಗಂಟಿಕ್ಕಿದ ಪ್ರಭು, ಇವಿಷ್ಟು ಇಲ್ಲದೆ ಈ ಕಥೆಗಳು ನಡೆಯುವುದಿಲ್ಲ. ಇವುಗಳಲ್ಲಿಯೂ ಒಂದು ಬಗೆಯ ಕಥೆ ಮತ್ತೆ ಮತ್ತೆ ಬರುತ್ತದೆ. ನಾಯಕಿಗೆ ಇಪ್ಪತ್ತನಾಲ್ಕೋ ಇಪ್ಪತ್ತಾರೋ ವಯಸ್ಸು. ಗಂಡ ತೀರಿಕೊಂಡು ವರ್ಷ ಕಳೆದಿದೆ. ಮಂಕಾದ ಕರಿಯ ಉಡುಪನ್ನು ಪೆಟ್ಟಿಗೆಗೆ ಸೇರಿಸಿ, ಅರ್ಧ ಶೋಕದ ಗುರುತಾದ ಬೂದು ಬಣ್ಣದ ಉಡುಪನ್ನು ಧರಿಸಿ, ಆಕೆ ಮತ್ತೆ ನಾಲ್ಕು ಜನರ ನಡುವೆ ಕಾಲಿಡುತ್ತಾಳೆ. ಅಲ್ಲಿ ಒಬ್ಬನ ಕಣ್ಣಿಗೆ ಬೀಳುತ್ತಾಳೆ. ಮುನ್ನೂರು ಪುಟ ಬೇಡವೆನ್ನುತ್ತಾಳೆ. ಕೊನೆಯ ಪುಟದಲ್ಲಿ ಆಗಲಿ ಎನ್ನುತ್ತಾಳೆ.

ಮದುವೆಯ ವಯಸ್ಸಿನ ಕನ್ಯೆಯರಿಗೆ ಬರವೇ ಇಲ್ಲದ ಈ ಕಥಾಲೋಕದಲ್ಲಿ ವಿಧವೆಗೇಕೆ ಇಷ್ಟು ಆದರ? ಲೋಕಾನುಭವವುಳ್ಳವಳು, ದುಃಖ ಕಂಡವಳು, ಆದ್ದರಿಂದ ಆಕೆಯ ಪ್ರೇಮಕ್ಕೆ ತೂಕ ಹೆಚ್ಚು ಎಂದು ಹೇಳುವುದುಂಟು. ಅದು ಸುಳ್ಳಲ್ಲ; ಆದರೆ ಪೂರ್ತಿ ಉತ್ತರವೂ ಅಲ್ಲ. ಉಳಿದ ಉತ್ತರ ಇರುವುದು ಆ ಕಾಲದ ಕಾಯಿದೆಯಲ್ಲಿ, ಉಯಿಲುಗಳಲ್ಲಿ, ಮದುವೆಯ ಕರಾರು ಪತ್ರಗಳಲ್ಲಿ. ಅವನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ, ಕೊನೆಯ ಪುಟದ ‘ಆಗಲಿ’ ಎಂಬ ಮಾತಿನ ಅರ್ಥವೇ ಬೇರೆಯಾಗುತ್ತದೆ.

ರೀಜೆನ್ಸಿ ಎಂದರೆ ರಾಜಪ್ರತಿನಿಧಿಯ ಆಳ್ವಿಕೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನಿಗೆ ಬುದ್ಧಿಭ್ರಮಣೆಯಾಗಿ ರಾಜ್ಯವಾಳಲು ಆಗದೆಹೋದಾಗ, 1811ರ ಫೆಬ್ರವರಿಯಲ್ಲಿ ಹಿರಿಯ ಮಗನಾದ ವೇಲ್ಸ್ ರಾಜಕುಮಾರ ತಂದೆಯ ಪರವಾಗಿ ಅಧಿಕಾರ ವಹಿಸಿಕೊಂಡ. 1820ರ ಜನವರಿಯಲ್ಲಿ ತಂದೆ ತೀರಿಕೊಂಡು ಮಗ ನಾಲ್ಕನೆಯ ಜಾರ್ಜನಾಗುವವರೆಗಿನ ಒಂಬತ್ತು ವರ್ಷಗಳೇ ರೀಜೆನ್ಸಿ ಕಾಲ. ಜೇನ್ ಆಸ್ಟೆನ್ನಳ ಆರು ಕಾದಂಬರಿಗಳು ಅಚ್ಚಾದದ್ದು ಈ ಕಾಲದಲ್ಲಿ. ನೆಪೋಲಿಯನ್ ವಾಟರ್‌ಲೂವಿನಲ್ಲಿ ಸೋತದ್ದೂ ಈ ಕಾಲದಲ್ಲಿಯೇ. ಕಥೆಗಾರರು ಈ ಗಡಿಯನ್ನು ಹಿಂದಕ್ಕೂ ಮುಂದಕ್ಕೂ ಕೊಂಚ ಎಳೆದುಕೊಳ್ಳುವುದು ವಾಡಿಕೆ. ನಾನೂ ಹಾಗೆಯೇ ಮಾಡುತ್ತೇನೆ.

ಈ ಕಾಲಕ್ಕೆ ಹೆಸರು ಕೊಟ್ಟ ರಾಜಕುಮಾರನ ಬಾಳಿನಲ್ಲಿಯೇ ಒಬ್ಬ ಎಳೆಯ ವಿಧವೆಯ ಕಥೆಯಿದೆ. ಮರಿಯಾ ಎಂಬಾಕೆ 1756ರಲ್ಲಿ ಒಂದು ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದವಳು. 1775ರಲ್ಲಿ ಎಡ್ವರ್ಡ್ ವೆಲ್ಡ್ ಎಂಬ ಜಮೀನುದಾರನ ಕೈಹಿಡಿದಳು. ಮೂರು ತಿಂಗಳಲ್ಲಿ ಅವನು ತೀರಿಕೊಂಡ. ಹೊಸ ಉಯಿಲಿಗೆ ಅವನ ರುಜು ಬಿದ್ದಿರಲಿಲ್ಲ. ಆಸ್ತಿ ಅವನ ತಮ್ಮನ ಪಾಲಾಯಿತು. ಮೂರು ವರ್ಷದ ಮೇಲೆ ಆಕೆ ಥಾಮಸ್ ಫಿಟ್ಸ್‌ಹರ್ಬರ್ಟ್ ಎಂಬವನನ್ನು ಮದುವೆಯಾದಳು. 1781ರಲ್ಲಿ ಅವನೂ ಹೋದ. ಆದರೆ ಈ ಸಲ ಕಾಗದಪತ್ರ ನೆಟ್ಟಗಿತ್ತು: ವರ್ಷಕ್ಕೆ ಸಾವಿರ ಪೌಂಡಿನ ವರ್ಷಾಶನ, ಲಂಡನ್ನಿನ ಪಾರ್ಕ್ ಸ್ಟ್ರೀಟಿನಲ್ಲಿ ಒಂದು ಮನೆ. ಹೀಗೆ ಇಪ್ಪತ್ತೈದು ತುಂಬುವ ಮೊದಲೇ ಆಕೆ ಎರಡು ಸಲ ವಿಧವೆಯಾದಳು. ಮೊದಲನೆಯ ಸಲ ಬರಿಗೈ, ಎರಡನೆಯ ಸಲ ಸ್ವತಂತ್ರೆ. ಎರಡಕ್ಕೂ ನಡುವಣ ಅಂತರ ಒಂದು ರುಜು. ಈ ರುಜುವಿನ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಆಕೆಗಿಂತ ಆರು ವರ್ಷ ಚಿಕ್ಕವನಾದ ರಾಜಕುಮಾರ ಆಕೆಯನ್ನು ಕಂಡು ಮರುಳಾದ. ಆಕೆ ಒಪ್ಪದಿದ್ದಾಗ ಮೈಗೆ ಗಾಯ ಮಾಡಿಕೊಂಡು ಬೆದರಿಸಿದ. ಆಕೆ ದೇಶ ಬಿಟ್ಟು ಫ್ರಾನ್ಸಿಗೆ ಹೋದಳು. ಪತ್ರಗಳು ಅಲ್ಲಿಗೂ ಬೆನ್ನಟ್ಟಿದವು. ಕೊನೆಗೆ 1785ರ ಡಿಸೆಂಬರ್ 15ರಂದು ಆಕೆಯ ಲಂಡನ್ ಮನೆಯ ದಿವಾನಖಾನೆಯಲ್ಲಿ ಒಬ್ಬ ಪಾದ್ರಿಯ ಮುಂದೆ ಗುಟ್ಟಾಗಿ ಮದುವೆ ನಡೆಯಿತು. ಚರ್ಚಿನ ಕಣ್ಣಿಗೆ ಅದು ಮದುವೆ. ಕಾಯಿದೆಯ ಕಣ್ಣಿಗೆ ಶೂನ್ಯ. ದೊರೆಯ ಒಪ್ಪಿಗೆಯಿಲ್ಲದೆ ರಾಜವಂಶದವರು ಮಾಡಿಕೊಂಡ ಮದುವೆ ಅಸಿಂಧುವೆಂದು 1772ರ ಕಾಯಿದೆ ಹೇಳುತ್ತಿತ್ತು. ಕ್ಯಾಥೊಲಿಕಳನ್ನು ಮದುವೆಯಾದವನಿಗೆ ಸಿಂಹಾಸನವಿಲ್ಲವೆಂದು 1701ರ ಕಾಯಿದೆ ಹೇಳುತ್ತಿತ್ತು. 1787ರಲ್ಲಿ ರಾಜಕುಮಾರನ ಗೆಳೆಯ ಫಾಕ್ಸ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಇಂಥ ಮದುವೆಯೇ ನಡೆದಿಲ್ಲವೆಂದು ಸಾರಿದ. 1795ರಲ್ಲಿ ರಾಜಕುಮಾರ ಬೇರೆ ರಾಜಕುಮಾರಿಯ ಕೈಹಿಡಿದ. ಈ ಕಥೆಯ ಕೊನೆಯನ್ನು ಲೇಖನದ ಕೊನೆಗೆ ಹೇಳುತ್ತೇನೆ.

ಈಗ ಕಾಯಿದೆಯ ಮಾತು. ಅಂದಿನ ಇಂಗ್ಲೆಂಡಿನಲ್ಲಿ ಹೆಣ್ಣಿಗೆ ಮೂರು ಅವಸ್ಥೆಗಳಿದ್ದವು: ಕನ್ಯೆ, ಹೆಂಡತಿ, ವಿಧವೆ. ವಯಸ್ಸಿಗೆ ಬಂದ ಕನ್ಯೆಗೆ ಕಾಯಿದೆಯ ಪ್ರಕಾರ ಹಕ್ಕುಗಳುಂಟು. ಆದರೆ ಕೈಯಲ್ಲಿ ಹಣವಿಲ್ಲ, ತಂದೆಯ ಅಥವಾ ಅಣ್ಣನ ಮನೆಯೇ ಗತಿ. ಮದುವೆಯಾದೊಡನೆ ಆಕೆ ಕಾಯಿದೆಯ ದೃಷ್ಟಿಯಿಂದ ಮರೆಯಾಗಿಬಿಡುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬ ವ್ಯಕ್ತಿ ಎಂದು 1765ರಲ್ಲಿ ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಶಾಸ್ತ್ರಜ್ಞ ವ್ಯಾಖ್ಯಾನ ಬರೆದ. ಆ ಒಬ್ಬ ವ್ಯಕ್ತಿ ಗಂಡನೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕೆಯ ಹಣ, ಒಡವೆ, ದುಡಿಮೆಯ ಕೂಲಿ ಎಲ್ಲವೂ ಅವನದು. ಆಕೆಯ ಹೆಸರಿನ ಜಮೀನಿನ ಆದಾಯವೂ ಮದುವೆಯಿರುವಷ್ಟು ಕಾಲ ಅವನ ಕೈಗೆ. ಆಕೆ ತನ್ನ ಹೆಸರಿನಲ್ಲಿ ಕರಾರು ಮಾಡುವಂತಿಲ್ಲ, ದಾವೆ ಹೂಡುವಂತಿಲ್ಲ. ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿಲ್ಲ.

ಗಂಡ ಸತ್ತ ದಿನ ಇದೆಲ್ಲ ತಲೆಕೆಳಗಾಗುತ್ತಿತ್ತು. ಆಕೆ ಮತ್ತೆ ಪೂರ್ಣ ವ್ಯಕ್ತಿ. ಹಳೆಯ ಪದ್ಧತಿಯಂತೆ ಗಂಡನ ಜಮೀನಿನಲ್ಲಿ ಮೂರನೆಯ ಒಂದು ಭಾಗದ ಆದಾಯ ಬದುಕಿರುವವರೆಗೆ ಆಕೆಗೆ ಸಲ್ಲಬೇಕು. ಶ್ರೀಮಂತರ ಮನೆಗಳಲ್ಲಿ ಇದಕ್ಕೆ ಬದಲಾಗಿ ಮದುವೆಗೆ ಮುಂಚೆಯೇ ಕರಾರು ಪತ್ರ ಮಾಡಿ, ವಿಧವೆಯಾದರೆ ವರ್ಷಕ್ಕೆ ಇಷ್ಟು ಎಂದು ಗೊತ್ತುಮಾಡುತ್ತಿದ್ದರು. ಇದಕ್ಕೆ ‘ಜಾಯಿಂಚರ್’ ಎಂದು ಹೆಸರು. ಹುಡುಗಿ ತರುವ ಪ್ರತಿ ಸಾವಿರ ಪೌಂಡಿಗೆ ವರ್ಷಕ್ಕೆ ನೂರು ಪೌಂಡು ಎಂಬುದು ಸ್ಥೂಲವಾದ ಲೆಕ್ಕ. ಹೀಗೆ ಮದುವೆಯ ಮಾತುಕತೆಯ ಮೇಜಿನ ಮೇಲೆಯೇ ವೈಧವ್ಯದ ಲೆಕ್ಕವೂ ಇರುತ್ತಿತ್ತು. ಹಣವೂ ಹಕ್ಕೂ ಎರಡೂ ಒಟ್ಟಿಗೆ ಕೈಯಲ್ಲಿದ್ದ ಹೆಂಗಸು ಆ ವರ್ಗದಲ್ಲಿ ಬಹುಮಟ್ಟಿಗೆ ಒಬ್ಬಳೇ: ಒಳ್ಳೆಯ ಕರಾರು ಪತ್ರವುಳ್ಳ ವಿಧವೆ. ಪ್ರೇಮದ ಕಥೆ ಬರೆಯುವವನಿಗೆ ತಾನಾಗಿ ಆರಿಸಿಕೊಳ್ಳಬಲ್ಲ ನಾಯಕಿ ಬೇಕು. ಇತಿಹಾಸ ಅಂಥವಳನ್ನು ಕಪ್ಪು ಉಡುಪಿನಲ್ಲಿ ಇಟ್ಟಿತ್ತು.

ಆದರೆ ಇದೇ ಹೆಂಗಸು ಮತ್ತೆ ಮದುವೆಯಾದರೆ? ಹಿಂದಿನ ಗಂಡನಿಂದ ಬರುವ ವರ್ಷಾಶನ ಸಾಮಾನ್ಯವಾಗಿ ನಿಲ್ಲುತ್ತಿರಲಿಲ್ಲ. ಆದರೆ ಅದು ಹೊಸ ಗಂಡನ ಕೈಸೇರುತ್ತಿತ್ತು. ವಿಧವೆಯಾಗಿರುವವರೆಗೆ ಮಾತ್ರ ಎಂದು ಉಯಿಲಿನಲ್ಲಿ ಒಂದು ಮಾತು ಸೇರಿಸಿದ್ದರೆ ಅದೂ ಇಲ್ಲ. ಚಾನ್ಸರಿ ನ್ಯಾಯಾಲಯದ ರಕ್ಷಣೆಯಲ್ಲಿ ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿ, ಹೆಂಡತಿಯ ಸ್ವಂತ ಉಪಯೋಗಕ್ಕೆಂದು ಕಾಪಾಡಿಕೊಳ್ಳುವ ದಾರಿಯೊಂದಿತ್ತು. ಅದಕ್ಕೆ ಹಣವೂ ಬೇಕು, ಜಾಣ ವಕೀಲನೂ ಬೇಕು. ಮಕ್ಕಳ ವಿಷಯ ಇನ್ನೂ ಕಠಿಣ. ತಂದೆಯಾದವನು ಉಯಿಲಿನ ಮೂಲಕ ಯಾರನ್ನು ಬೇಕಾದರೂ ಮಕ್ಕಳ ಪೋಷಕನನ್ನಾಗಿ ನೇಮಿಸಬಹುದೆಂದು 1660ರ ಕಾಯಿದೆ ಅವನಿಗೆ ಅಧಿಕಾರ ಕೊಟ್ಟಿತ್ತು. ಹೆತ್ತ ತಾಯಿ ಅದನ್ನು ಎದುರಿಸುವಂತಿರಲಿಲ್ಲ.

ನಮ್ಮ ಓದುಗರಿಗೆ ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಮ್ಮ ದೇಶದ ಹಳೆಯ ವಿಧವೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕಥೆಗಳನ್ನು ಓದಿದರೆ ದಾರಿ ತಪ್ಪುತ್ತದೆ. ನಮ್ಮಲ್ಲಿ ಹಲವು ಜಾತಿಗಳಲ್ಲಿ ಕೂಡಿಕೆ ನಡೆಯುತ್ತಿತ್ತು. ಮೇಲುಜಾತಿಗಳಲ್ಲಿ ಆಚಾರವೇ ಅಡ್ಡ ನಿಂತಿತ್ತು. ಇಂಗ್ಲೆಂಡಿನಲ್ಲಿ ಚರ್ಚು ತಡೆಯಲಿಲ್ಲ, ಕಾಯಿದೆ ತಡೆಯಲಿಲ್ಲ. ಅಲ್ಲಿ ಬಾಗಿಲು ತೆರೆದೇ ಇತ್ತು. ಆದರೆ ಹೊಸ್ತಿಲು ದಾಟುವಾಗ ಸುಂಕ ಕಟ್ಟಬೇಕಿತ್ತು. ಕುತೂಹಲದ ಸಂಗತಿಯೆಂದರೆ, ಕಂಪೆನಿ ಸರ್ಕಾರ 1856ರಲ್ಲಿ ಹಿಂದೂ ವಿಧವಾ ವಿವಾಹವನ್ನು ಸಕ್ರಮಗೊಳಿಸಿದಾಗ, ಮರುಮದುವೆಯಾದವಳಿಗೆ ಸತ್ತ ಗಂಡನ ಆಸ್ತಿಯಲ್ಲಿ ಹಕ್ಕಿಲ್ಲವೆಂದು ಅದೇ ಕಾಯಿದೆಯಲ್ಲಿ ಬರೆಯಿತು. ಒಂದು ಕೈಯಿಂದ ಬಾಗಿಲು ತೆರೆದು ಇನ್ನೊಂದು ಕೈಯಿಂದ ಸುಂಕದ ಕಟ್ಟೆ ಕಟ್ಟಿದಂತಾಯಿತು.

ಕೈಯಲ್ಲಿ ಹಣವಿದ್ದು ಮೇಲೆ ಯಜಮಾನನಿಲ್ಲದ ಹೆಂಗಸನ್ನು ಯಾವ ಸಮಾಜ ತಾನೆ ನೆಮ್ಮದಿಯಿಂದ ನೋಡೀತು? ರೀಜೆನ್ಸಿ ಕಾಲದವರೇ ಬರೆದ ಕಾದಂಬರಿಗಳನ್ನು ತೆರೆದರೆ ವಿಧವೆಯ ಚಿತ್ರ ಬೇರೆಯೇ ಆಗಿದೆ. ಆಸ್ಟೆನ್ ಪೂರ್ಣಗೊಳಿಸಿ ಅಚ್ಚಿಗೆ ಕೊಟ್ಟ ಯಾವ ಕಾದಂಬರಿಯಲ್ಲೂ ವಿಧವೆ ನಾಯಕಿಯಲ್ಲ. ಎಳವೆಯಲ್ಲಿ ಬರೆದು ಅಚ್ಚಿಗೆ ಕೊಡದೆ ಇಟ್ಟ ‘ಲೇಡಿ ಸೂಸನ್’ ಎಂಬ ಕಿರುಕೃತಿಯಲ್ಲಿ ವಿಧವೆಯೇ ಕೇಂದ್ರ. ಆದರೆ ಅವಳು ಮಾಟಗಾತಿಯಂಥ ಚತುರೆ, ಗಂಡಸರನ್ನು ಕುಣಿಸುವವಳು. ಆ ಕೃತಿ ಹೊರಬಂದದ್ದು 1871ರಲ್ಲಿ, ಬರೆದಾಕೆ ತೀರಿಕೊಂಡು ಐವತ್ತನಾಲ್ಕು ವರ್ಷದ ಮೇಲೆ. ‘ಪರ್ಸ್ವೇಷನ್’ ಕಾದಂಬರಿಯ ಮಿಸೆಸ್ ಕ್ಲೇ ದೊಡ್ಡಮನೆಯ ವಿಧುರನಿಗೆ ಗಾಳ ಹಾಕುವ ವಿಧವೆ. ಮಿಸೆಸ್ ಸ್ಮಿತ್ ಬಡತನದಲ್ಲಿ, ರೋಗದಲ್ಲಿ ನರಳುವ ವಿಧವೆ. ಲೇಡಿ ರಸೆಲ್ ಸಿರಿವಂತೆ, ಗೌರವಸ್ಥೆ, ಮತ್ತೆ ಮದುವೆಯ ಯೋಚನೆಯಿಲ್ಲದವಳು. ಹಾಗೆ ಯೋಚಿಸದಿದ್ದುದಕ್ಕೆ ಆಕೆ ಲೋಕಕ್ಕೆ ಸಮಾಧಾನ ಹೇಳಬೇಕಾಗಿಲ್ಲ, ಮದುವೆಯಾದವಳೇ ಹೇಳಬೇಕಾದವಳು ಎಂಬ ಅರ್ಥ ಬರುವಂತೆ ಆಸ್ಟೆನ್ ಅಲ್ಲಿ ಒಂದು ಒಣನಗೆಯ ಮಾತು ಆಡುತ್ತಾಳೆ. ಗಂಡಸಿಗೆ ಈ ತೊಡಕಿಲ್ಲ. ‘ಎಮ್ಮಾ’ದ ಮಿಸ್ಟರ್ ವೆಸ್ಟನ್ ಎರಡನೆಯ ಮದುವೆಯಾದಾಗ ಊರೆಲ್ಲ ಸಂತೋಷಪಡುತ್ತದೆ.

ಮತ್ತೆ ಮದುವೆಯಾದ ಹೆಂಗಸು ಏನು ತೆತ್ತಳೆಂಬುದಕ್ಕೆ ಹೆಸ್ಟರ್ ಥ್ರೇಲಳ ಬಾಳೇ ಸಾಕ್ಷಿ. ಈಕೆ ಒಬ್ಬ ದೊಡ್ಡ ಮದ್ಯ ತಯಾರಕನ ಹೆಂಡತಿ. ಡಾಕ್ಟರ್ ಜಾನ್ಸನ್ ಹಲವು ವರ್ಷ ಈಕೆಯ ಮನೆಯ ಅತಿಥಿ. 1781ರಲ್ಲಿ ಗಂಡ ಸತ್ತ. 1784ರಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ, ಈಕೆ ಗೇಬ್ರಿಯಲ್ ಪಿಯೋಜಿ ಎಂಬ ಇಟಲಿಯ ಸಂಗೀತಗಾರನನ್ನು ಪ್ರೀತಿಸಿ ಮದುವೆಯಾದಳು. ಅವನು ವಿದೇಶಿ, ಕ್ಯಾಥೊಲಿಕ್, ಹಾಡಿ ಹೊಟ್ಟೆಹೊರೆಯುವವನು: ಮೂರೂ ಅಪರಾಧಗಳೇ. ಹೆಣ್ಣುಮಕ್ಕಳು ತಾಯಿಯಿಂದ ದೂರವಾದರು. ಜಾನ್ಸನ್ ಕೋಪದ ಕಾಗದ ಬರೆದ. ಆಕೆ ಘನತೆಯಿಂದ ಉತ್ತರ ಬರೆದಳು. ಆ ವರ್ಷದ ಕೊನೆಯಲ್ಲಿ ಅವನು ತೀರಿಕೊಂಡ. ಲೋಕ ಏನೆಂದರೂ ಆ ದಾಂಪತ್ಯ ಚೆನ್ನಾಗಿಯೇ ನಡೆಯಿತು. 1809ರಲ್ಲಿ ಪಿಯೋಜಿ ತೀರಿಕೊಂಡ ಮೇಲೂ ಆಕೆ ಕುಗ್ಗಲಿಲ್ಲ. 1820ರ ಜನವರಿಯಲ್ಲಿ, ಎಂಬತ್ತನೆಯ ಹುಟ್ಟುಹಬ್ಬವೆಂದು ಹೇಳಿಕೊಂಡು, ಬಾತ್ ನಗರದಲ್ಲಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಕರೆದು ನೃತ್ಯಕೂಟ ನಡೆಸಿದಳು. ರೀಜೆನ್ಸಿ ಕಾಲ ಮುಗಿದದ್ದು ಆ ವಾರದಲ್ಲಿಯೇ.

ಹೆಸ್ಟರ್ ಬೆಲೆ ತೆತ್ತಳು. ಎಲೈಜಾ ಬೆಲೆ ಎಷ್ಟೆಂದು ಮೊದಲೇ ಎಣಿಸಿ ನೋಡಿದಳು. ಈಕೆ ಆಸ್ಟೆನ್ನಳ ಸೋದರತ್ತೆಯ ಮಗಳು. 1761ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದವಳು. ಹೈದರಾಲಿಯೊಡನೆ ಇಂಗ್ಲಿಷರು ಎರಡನೆಯ ಸಲ ಕಾದಾಡಿದಾಗ ಗವರ್ನರ್ ಜನರಲ್ಲಾಗಿದ್ದ ವಾರನ್ ಹೇಸ್ಟಿಂಗ್ಸ್ ಈಕೆಯ ಧರ್ಮಪಿತ. ಅವನು ಹತ್ತು ಸಾವಿರ ಪೌಂಡನ್ನು ಟ್ರಸ್ಟಿನಲ್ಲಿಟ್ಟು ಈ ಕುಟುಂಬಕ್ಕೆ ಆಧಾರ ಮಾಡಿಕೊಟ್ಟಿದ್ದ. ಎಲೈಜಾ ಫ್ರಾನ್ಸಿನ ಒಬ್ಬ ಸೇನಾಧಿಕಾರಿಯನ್ನು ಮದುವೆಯಾದಳು. 1794ರಲ್ಲಿ ಕ್ರಾಂತಿಕಾರಿಗಳು ಅವನ ತಲೆ ಕಡಿದರು. ಆಮೇಲೆ ಆಸ್ಟೆನ್ನಳ ಅಣ್ಣ ಹೆನ್ರಿ, ಈಕೆಗಿಂತ ಹತ್ತು ವರ್ಷ ಕಿರಿಯ, ಮದುವೆಯ ಮಾತೆತ್ತಿದ. ಈಕೆ ತಡೆದಳು, ಹಿಂಜರಿದಳು. ಸ್ವಾತಂತ್ರ್ಯ ಬಿಟ್ಟುಕೊಡಲು ಮನಸ್ಸಿಲ್ಲವೆಂದು ಬಂಧುಗಳಿಗೆ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಬರೆದಳು. 1797ರ ಡಿಸೆಂಬರ್ 31ರಂದು ಒಪ್ಪಿದಳು. ಒಪ್ಪಿದ ಮೇಲೂ, ತನ್ನನ್ನು ಯಾರೂ ಅಂಕೆಯಲ್ಲಿಟ್ಟು ಅಭ್ಯಾಸವಿಲ್ಲವೆಂಬುದು ಹೆನ್ರಿಗೆ ಗೊತ್ತು, ಆದ್ದರಿಂದ ಜಾಣತನದಿಂದ ನಡೆದುಕೊಳ್ಳುತ್ತಾನೆ ಎಂಬರ್ಥದ ಮಾತನ್ನು ಬರೆದಳು. ರೀಜೆನ್ಸಿ ಕಾದಂಬರಿಯ ನಾಯಕಿ ಮುನ್ನೂರು ಪುಟ ಬೇಡವೆನ್ನುವುದೇಕೆ ಎಂದು ಕೇಳುವವರಿಗೆ ಎಲೈಜಾಳ ಪತ್ರಗಳೇ ಉತ್ತರ.

ಈ ಕಥೆಗಳಲ್ಲಿ ನಾಯಕಿಯ ಮೊದಲ ಗಂಡ ಸಾಯುವುದು ಬಹಳ ಸಲ ಯುದ್ಧದಲ್ಲಿ. ಇದು ಕಲ್ಪನೆಯ ಅನುಕೂಲವಷ್ಟೇ ಅಲ್ಲ. 1815ರ ಜೂನ್ 18ರ ಒಂದೇ ದಿನ ವಾಟರ್‌ಲೂವಿನಲ್ಲಿ ವೆಲಿಂಗ್ಟನ್ನನ ಸೈನ್ಯದಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು ಹದಿನೈದು ಸಾವಿರ ಮಂದಿ. ಈ ವೆಲಿಂಗ್ಟನ್ನನೇ 1799ರಲ್ಲಿ ಟಿಪ್ಪು ಬಿದ್ದ ಬಳಿಕ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಕರ್ನಲ್ ವೆಲ್ಲೆಸ್ಲಿ. ವಾಟರ್‌ಲೂವಿನಲ್ಲಿ ಅವನ ಪಕ್ಕದಲ್ಲಿದ್ದ ಸೇನಾಧಿಕಾರಿ ಸರ್ ವಿಲಿಯಂ ಡಿ ಲಾನ್ಸಿ. ಅವನಿಗೆ ಮದುವೆಯಾದದ್ದು ಅದೇ ವರ್ಷ ಏಪ್ರಿಲ್ 4ರಂದು. ಹೆಂಡತಿ ಮ್ಯಾಗ್ಡಲೀನಳಿಗೆ ಇಪ್ಪತ್ತೆರಡರ ಆಸುಪಾಸು. ಫಿರಂಗಿಯ ಗುಂಡೊಂದು ಅವನ ಬೆನ್ನಿಗೆ ತಗಲಿ ಕುದುರೆಯಿಂದ ಕೆಡವಿತು. ಆಂಟ್‌ವರ್ಪಿನಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತಿದ್ದ ಆಕೆಗೆ ಒಬ್ಬರು ಕ್ಷೇಮವೆಂದರು, ಒಬ್ಬರು ಗಾಯವೆಂದರು, ಇನ್ನೊಬ್ಬರು ಸತ್ತನೆಂದರು. ಕೊನೆಗೆ ಬದುಕಿದ್ದಾನೆಂದು ತಿಳಿದು ರಣರಂಗದ ಬಳಿಯ ಒಂದು ಗುಡಿಸಿಲಿಗೆ ಹೋಗಿ ಅವನ ಶುಶ್ರೂಷೆ ಮಾಡಿದಳು. ಜೂನ್ 26ರಂದು ಅವನು ತೀರಿಕೊಂಡ. ಜುಲೈ 4ರಂದು ಆಕೆ ಇಂಗ್ಲೆಂಡಿಗೆ ಹೊರಟಳು; ಅಂದಿಗೆ ಮದುವೆಯಾಗಿ ಸರಿಯಾಗಿ ಮೂರು ತಿಂಗಳು.

ಆಕೆ ಆ ದಿನಗಳನ್ನು ಬರೆದಿಟ್ಟಳು. 1841ರಲ್ಲಿ ಆಕೆಯ ಅಣ್ಣ ಅದನ್ನು ಡಿಕನ್ಸನಿಗೆ ಓದಲು ಕೊಟ್ಟಾಗ ಆ ಮಹಾಕಾದಂಬರಿಕಾರ ತಲ್ಲಣಿಸಿಹೋದ. ಪುಸ್ತಕವಾಗಿ ಅದು ಬಂದದ್ದು 1906ರಲ್ಲಿ. ಬರಹ ಗಂಡನ ಸಾವಿನೊಂದಿಗೆ ಮುಗಿಯುತ್ತದೆ, ಬಾಳು ಮುಗಿಯಲಿಲ್ಲ. 1819ರಲ್ಲಿ ಆಕೆ ಮದರಾಸು ಪದಾತಿ ದಳದ ಹೆನ್ರಿ ಹಾರ್ವೆ ಎಂಬ ಅಧಿಕಾರಿಯನ್ನು ಮದುವೆಯಾದಳು, 1822ರಲ್ಲಿ ತೀರಿಕೊಂಡಳು. ಎರಡನೆಯ ಮದುವೆ ಮೊದಲ ಪ್ರೇಮಕ್ಕೆ ದ್ರೋಹವೆನ್ನುವವರು ಆಕೆಯ ಬರಹವನ್ನೊಮ್ಮೆ ಓದಿ ನೋಡಬೇಕು. ಮೊದಲನೆಯದು ಸುಳ್ಳಾಗದೆಯೇ ಎರಡನೆಯದೂ ನಿಜವಾಗಬಲ್ಲದು.

ಇದು ಸರದಾರರ ಮನೆಯ ಮಾತು. ಸಾಮಾನ್ಯ ಸಿಪಾಯಿಯ ಹೆಂಡತಿಯ ಸ್ಥಿತಿ ಬೇರೆ. ದಂಡು ಪರದೇಶಕ್ಕೆ ಹೊರಟಾಗ ನೂರು ಸಿಪಾಯಿಗಳಿಗೆ ಸುಮಾರು ಆರು ಹೆಂಗಸರಿಗೆ ಮಾತ್ರ ಜೊತೆಗೆ ಬರಲು ಅಪ್ಪಣೆ. ಯಾರು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ಗಂಡ ಬಿದ್ದರೆ ಅವಳಿಗೆ ದಂಡಿನಲ್ಲಿ ಆಸರೆ ತಪ್ಪುತ್ತಿತ್ತು. ಊರು ಸಾವಿರಾರು ಮೈಲಿ ದೂರ. ಕೆಲವೇ ದಿನಗಳಲ್ಲಿ ಅದೇ ಪಡೆಯ ಇನ್ನೊಬ್ಬ ಸಿಪಾಯಿಯ ಕೈಹಿಡಿದವರ ಸಂಗತಿ ಆ ಯುದ್ಧಗಳ ನೆನಪಿನ ಬರಹಗಳಲ್ಲಿ ಬರುತ್ತದೆ. ಅವರಿಗೆ ಬೂದು ಉಡುಪಿಲ್ಲ, ಮುನ್ನೂರು ಪುಟದ ಹಿಂಜರಿಕೆಯಿಲ್ಲ. ಬೇಡವೆನ್ನುವುದಕ್ಕೂ ವರ್ಷಾಶನ ಬೇಕು. ಪ್ರಣಯ ಕಾದಂಬರಿ ಈ ಹೆಂಗಸರ ಕಡೆ ತಿರುಗಿ ನೋಡುವುದು ಅಪರೂಪ.

ರೀಜೆನ್ಸಿ ಕಾಲದ ಎಳೆಯ ವಿಧವೆಯರಲ್ಲಿ ಕಾದಂಬರಿಯನ್ನೂ ಮೀರಿಸುವ ಕಥೆ ಒಬ್ಬಳದಿದೆ. ಅದು ನಡೆದದ್ದು ನಮ್ಮ ದೇಶದಲ್ಲಿಯೇ. ಆನ್ ಬೀಚರ್ ಎಂಬ ಹುಡುಗಿ ಇಂಗ್ಲೆಂಡಿನಲ್ಲಿ ಕಾರ್ಮೈಕಲ್ ಸ್ಮಿತ್ ಎಂಬ ಕಿರಿಯ ಸೇನಾಧಿಕಾರಿಯನ್ನು ಪ್ರೀತಿಸಿದಳು. ಹುಡುಗ ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಅವನು ಜ್ವರದಿಂದ ಸತ್ತನೆಂದು ಹುಡುಗಿಗೆ ಹೇಳಿ, ಅವಳನ್ನು ಕಲ್ಕತ್ತಕ್ಕೆ ಕಳುಹಿಸಿಬಿಟ್ಟರು. 1810ರಲ್ಲಿ ಅಲ್ಲಿ ಕಂಪೆನಿ ಸರ್ಕಾರದ ದೊಡ್ಡ ಅಧಿಕಾರಿ ರಿಚ್ಮಂಡ್ ಥ್ಯಾಕರೆಯೊಡನೆ ಅವಳ ಮದುವೆಯಾಯಿತು, ಮರುವರ್ಷ ಗಂಡುಮಗು. ಮನೆತನದಲ್ಲಿ ಉಳಿದುಬಂದಿರುವ ಕಥೆಯ ಪ್ರಕಾರ, 1812ರಲ್ಲಿ ಒಂದು ದಿನ ಗಂಡ ಹೊಸ ಪರಿಚಯದ ಒಬ್ಬ ಅಧಿಕಾರಿಯನ್ನು ಊಟಕ್ಕೆ ಕರೆತಂದ. ಬಂದವನು, ಸತ್ತನೆಂದು ನಂಬಿದ್ದ ಕಾರ್ಮೈಕಲ್ ಸ್ಮಿತ್. ಅವನಿಗೆ ಹೇಳಿದ್ದು ಇನ್ನೊಂದು ಸುಳ್ಳು: ಹುಡುಗಿಗೆ ನಿನ್ನಲ್ಲಿ ಮನಸ್ಸಿಲ್ಲ ಎಂದು. 1815ರಲ್ಲಿ ರಿಚ್ಮಂಡ್ ತೀರಿಕೊಂಡಾಗ ಆನಳ ವಯಸ್ಸು ಇಪ್ಪತ್ತಮೂರು. ಐದು ವರ್ಷದ ಮಗನನ್ನು ಅಂದಿನ ಪದ್ಧತಿಯಂತೆ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಿ, 1817ರಲ್ಲಿ ಆಕೆ ತನ್ನ ಮೊದಲ ಪ್ರೇಮದ ಕೈಹಿಡಿದಳು. ತಾಯಿ ಮಗ ಮತ್ತೆ ಸೇರಿದ್ದು 1820ರಲ್ಲಿ.

ಆ ಮಗನೇ ಕಾದಂಬರಿಕಾರ ಥ್ಯಾಕರೆ. 1847–48ರಲ್ಲಿ ಕಂತುಗಳಾಗಿ ಬಂದ ಅವನ ‘ವ್ಯಾನಿಟಿ ಫೇರ್’ನಲ್ಲಿ ಅಮೀಲಿಯಾ ಎಂಬ ಹುಡುಗಿ ವಾಟರ್‌ಲೂವಿನಲ್ಲಿ ಗಂಡನನ್ನು ಕಳೆದುಕೊಳ್ಳುತ್ತಾಳೆ. ಡಾಬಿನ್ ಎಂಬ ಸೇನಾಧಿಕಾರಿ ವರ್ಷಗಟ್ಟಲೆ ಅವಳಿಗಾಗಿ ಕಾಯುತ್ತಾನೆ, ಮದರಾಸಿನಲ್ಲಿದ್ದಾಗಲೂ ಕಾಯುತ್ತಾನೆ. ಕೊನೆಗೆ ಅವಳು ಒಲಿಯುತ್ತಾಳೆ. ಆದರೆ ಓದುಗರ ಎದೆ ಹಿಂಡುವುದು ಆ ಮದುವೆಯಲ್ಲ; ಬಡತನ ತಾಳಲಾರದೆ ಅಮೀಲಿಯಾ ತನ್ನ ಮಗನನ್ನು ಸಿರಿವಂತ ಅಜ್ಜನ ಮನೆಗೆ ಒಪ್ಪಿಸುವ ಗಳಿಗೆ. ವಿಧವೆಯ ಬಾಳಿನಲ್ಲಿ ಹಣ, ಮಗು, ಪ್ರೇಮ ಮೂರೂ ಒಂದೇ ಗಂಟು ಎಂಬುದು ಥ್ಯಾಕರೆಗೆ ಗೊತ್ತಿತ್ತು. ಅವನದು ಪುಸ್ತಕದಿಂದ ಕಲಿತದ್ದಲ್ಲ.

ಮುಂದೆ ಕಾಯಿದೆ ನಿಧಾನವಾಗಿ ಕದಲಿತು. 1839ರಲ್ಲಿ ಗಂಡನಿಂದ ದೂರವಾದ ತಾಯಿ ಏಳು ವರ್ಷದೊಳಗಿನ ಮಕ್ಕಳನ್ನು ಕೇಳಿ ನ್ಯಾಯಾಲಯಕ್ಕೆ ಹೋಗಬಹುದೆಂದಾಯಿತು. 1870ರ ಕಾಯಿದೆ ಹೆಂಡತಿಯ ದುಡಿಮೆಯ ಹಣವನ್ನು ಅವಳಿಗೇ ಬಿಟ್ಟಿತು. 1882ರ ಕಾಯಿದೆ ಅವಳ ಆಸ್ತಿಯನ್ನೂ ಅವಳದೆಂದಿತು. 1886ರಲ್ಲಿ ತಂದೆ ಸತ್ತ ಮೇಲೆ ತಾಯಿಗೆ ಮಕ್ಕಳ ಪೋಷಕತ್ವದಲ್ಲಿ ಹಕ್ಕು ಬಂತು. ಸುಂಕದ ಕಟ್ಟೆಯ ಕಲ್ಲುಗಳು ಒಂದೊಂದಾಗಿ ಕಳಚಿದವು. ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ಯಲ್ಲಿ ಎಳೆಯ ವಿಧವೆಯನ್ನು ನಾಯಕಿಯಾಗಿಸಿ ಮರುಮದುವೆ ಮಾಡಿಸಿದ್ದು 1899ರಲ್ಲಿ, ಅದು ನಮ್ಮ ಭಾಷೆಯ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದದ್ದು. ಗುಲ್ವಾಡಿಯವರು ಕಣ್ಣೆದುರಿನ ಕಷ್ಟವನ್ನು ಕುರಿತು ಬರೆದರು. ಇಂಗ್ಲೆಂಡಿನಲ್ಲಿ ರೀಜೆನ್ಸಿ ಪ್ರಣಯಕಥೆ ಹುಟ್ಟಿದ್ದು ಕಷ್ಟ ತೀರಿದ ಮೇಲೆ.

ಆ ಪಂಗಡದ ತಾಯಿ ಜಾರ್ಜೆಟ್ ಹೇಯರ್. 1902ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಈಕೆ ‘ರೀಜೆನ್ಸಿ ಬಕ್’ ಎಂಬ ಕಾದಂಬರಿಯನ್ನು ಹೊರತಂದದ್ದು 1935ರಲ್ಲಿ. 1937ರ ‘ಆನ್ ಇನ್‌ಫೇಮಸ್ ಆರ್ಮಿ’ಯಲ್ಲಿ ಬಾರ್ಬರಾ ಚೈಲ್ಡ್ ಎಂಬ ಬೆಡಗಿನ ವಿಧವೆ ವಾಟರ್‌ಲೂವಿನ ಹಿಂದಿನ ದಿನಗಳಲ್ಲಿ ವೆಲಿಂಗ್ಟನ್ನನ ಒಬ್ಬ ಅಧಿಕಾರಿಯನ್ನು ಪ್ರೀತಿಸುತ್ತಾಳೆ, ಯುದ್ಧದಲ್ಲಿ ತೋಳು ಕಳೆದುಕೊಂಡು ಬಂದವನನ್ನು ಬಿಡದೆ ಉಳಿಸಿಕೊಳ್ಳುತ್ತಾಳೆ. 1946ರ ‘ದಿ ರಿಲಕ್ಟೆಂಟ್ ವಿಡೋ’ದಲ್ಲಿ ಪಾಠ ಹೇಳಿ ಬದುಕುವ ಬಡ ಹುಡುಗಿಯೊಬ್ಬಳು ತಪ್ಪು ಗಾಡಿ ಹತ್ತಿ, ಸಾಯುತ್ತಿರುವವನನ್ನು ಮದುವೆಯಾಗಿ, ರಾತ್ರಿ ಕಳೆಯುವುದರೊಳಗೆ ವಿಧವೆಯಾಗುತ್ತಾಳೆ. 1955ರ ‘ಬಾತ್ ಟ್ಯಾಂಗಲ್’ನಲ್ಲಿ ಮಲಮಗಳಿಗಿಂತ ಚಿಕ್ಕ ವಯಸ್ಸಿನ ವಿಧವೆ ಫ್ಯಾನಿಗೆ ತಕ್ಕ ಜೊತೆ ಸಿಗುತ್ತದೆ. ನೂರು ವರ್ಷದ ಹಿಂದೆ ಗಾಳ ಹಾಕುವವಳೆಂದೋ ನರಳುವವಳೆಂದೋ ಚಿತ್ರಿಸಿದ ಹೆಂಗಸು ಹೇಯರಳ ಕೈಯಲ್ಲಿ ಒಲವಿಗೆ ಅರ್ಹಳಾದ ನಾಯಕಿಯಾದಳು. ಆಕೆಯ ಹಿಂದೆ ಬಂದವರು ನೂರಾರು ಮಂದಿ.

ನನ್ನ ತಕರಾರು ಇಷ್ಟೇ. ವಿಧವೆಯ ಸ್ವಾತಂತ್ರ್ಯವನ್ನು ಈ ಕಥೆಗಳು ಮನದಣಿಯೆ ತೋರಿಸುತ್ತವೆ: ಸ್ವಂತ ಮನೆ, ಸ್ವಂತ ಸಾರೋಟು, ಯಾರ ಅಪ್ಪಣೆಯೂ ಬೇಡದ ಸಂಜೆ. ಮದುವೆಯ ಗಂಟೆ ಹೊಡೆದೊಡನೆ ಅದೆಲ್ಲ ಯಾರ ಪಾಲಾಯಿತೆಂಬುದನ್ನು ಬಹುಪಾಲು ಕಥೆಗಳು ಹೇಳುವುದಿಲ್ಲ. ಈಚಿನ ಕೆಲವು ಲೇಖಕಿಯರು ಕರಾರು ಪತ್ರದ ಮಾತನ್ನೂ ತರುತ್ತಾರೆ. ಅವರನ್ನು ನಾನು ಮೆಚ್ಚಿಕೊಳ್ಳುತ್ತೇನೆ. ಬೆಲೆ ಹೇಳಿದರೆ ಪ್ರಣಯದ ಸೊಗಸು ಕೆಡುತ್ತದೆ ಎಂಬ ಅಂಜಿಕೆ ನಿರಾಧಾರ. ಆ ಹೆಂಗಸರಿಗೆ ಒಪ್ಪುವುದು ಸುಲಭವಾಗಿದ್ದರೆ ಅವರ ಒಪ್ಪಿಗೆಗೆ ಅರ್ಥವೇನು? ಹೆಸ್ಟರ್ ಮಕ್ಕಳ ಮಮತೆಯನ್ನು, ಎಲೈಜಾ ಸ್ವಾತಂತ್ರ್ಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಒಬ್ಬ ಮನುಷ್ಯನನ್ನು ತೂಗಿದರು. ತೂಗಿ ಆರಿಸಿಕೊಂಡರು. ಅದು ಧೈರ್ಯದ ಕಥೆ. ಬರಿಯ ಸಿಹಿ ಕಥೆಯಲ್ಲ.

ಇನ್ನು ಮರಿಯಾ ಫಿಟ್ಸ್‌ಹರ್ಬರ್ಟಳ ಕಥೆಯ ಕೊನೆ. ರಾಜನಾಗಿ ಹತ್ತು ವರ್ಷ ಆಳಿದ ನಾಲ್ಕನೆಯ ಜಾರ್ಜ್ 1830ರಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಆಕೆಯ ಪುಟ್ಟ ಚಿತ್ರವನ್ನು ಕೊರಳಿನಲ್ಲಿಯೇ ಬಿಟ್ಟು ಸಮಾಧಿ ಮಾಡಿದರು. ಹೊಸ ದೊರೆ, ಅವನ ತಮ್ಮ ನಾಲ್ಕನೆಯ ವಿಲಿಯಂ, ಆಕೆ ತೋರಿಸಿದ ಮದುವೆಯ ಕಾಗದವನ್ನು ನೋಡಿ, ಆಕೆಗೆ ಡಚೆಸ್ ಪದವಿ ಕೊಡಲು ಮುಂದಾದ. ಆಕೆ ಬೇಡವೆಂದಳು. ಅಣ್ಣನಿಗಾಗಿ ವಿಧವೆಯ ಉಡುಪು ಧರಿಸಲು ಅವನು ಅಪ್ಪಣೆ ಕೊಟ್ಟ. ಅದನ್ನು ಮಾತ್ರ ಒಪ್ಪಿಕೊಂಡಳು. 1837ರಲ್ಲಿ ಬ್ರೈಟನ್ನಿನಲ್ಲಿ ಆಕೆ ತೀರಿಕೊಂಡಳು. ಅಲ್ಲಿನ ಸೇಂಟ್ ಜಾನ್ ಚರ್ಚಿನಲ್ಲಿ ಆಕೆಯ ಸ್ಮಾರಕವಿದೆ. ಮೊಣಕಾಲೂರಿ ಪ್ರಾರ್ಥಿಸುವ ಹೆಂಗಸಿನ ಶಿಲ್ಪ. ಆ ಕೈಯಲ್ಲಿ ಮೂರು ಮದುವೆಯ ಉಂಗುರಗಳಿವೆ. ಮೂರನೆಯದನ್ನು ಕಾಯಿದೆ ಕೊನೆಯವರೆಗೂ ಒಪ್ಪಲಿಲ್ಲ. ಶಿಲ್ಪಿ ಕಲ್ಲಿನಲ್ಲಿ ಕೆತ್ತಿಟ್ಟ.